ಕೈ ತಾಗದ ರೊಟ್ಟಿ

ನಾನೇ ಬರೆದ ಒಂದು ಹಾಳೆಯನ್ನು ನನಗೆ ತೋರಿಸಲು ಬರುವುದಿಲ್ಲ ಎಂದು ಸರ್ಕಾರ ನನಗೆ ಪತ್ರ ಬರೆದಿದೆ.

ಹೌದು, ಸರಿಯಾಗಿಯೇ ಓದಿದಿರಿ. ಕಳೆದ ವಾರ ಸ್ಪೀಡ್ ಪೋಸ್ಟಿನಲ್ಲಿ ಬಂತು. ಮೂವತ್ತು ವರ್ಷ ಆಳಂದದಲ್ಲಿ ಅಂಚೆ ಕೌಂಟರಿನ ಹಿಂದೆ ಕೂತು ಮಂದಿಯ ಪತ್ರಗಳಿಗೆ ಮುದ್ರೆ ಒತ್ತಿದವಳು ನಾನು. ಎಂತೆಂಥ ಪತ್ರ ನೋಡಿದ್ದೇನೆ. ಸತ್ತವರಿಗೆ ಬಂದ ನೋಟಿಸು ನೋಡಿದ್ದೇನೆ. ಊರಲ್ಲಿ ಇಲ್ಲದ ಕೆರೆಯ ಹೂಳು ತೆಗೆದದ್ದಕ್ಕೆ ಬಂದ ಅಭಿನಂದನಾ ಪತ್ರ ನೋಡಿದ್ದೇನೆ. ಇಂಥದ್ದು ನೋಡಿರಲಿಲ್ಲ.

ಹಾಳೆಯ ಮೇಲಿನ ಅಕ್ಷರ ನನ್ನದು. ವಾಕ್ಯ ನನ್ನದು. ಪೆನ್ನೂ ನನ್ನದೇ. (ಆ ಪೆನ್ನು ವಾಪಸ್ ಬಂದಿರಲಿಲ್ಲ. ಅದರ ಕಥೆ ಮುಂದೆ ಇದೆ.) ಅದರ ನಕಲು ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಉತ್ತರ ಹೀಗಿದೆ: “ಸದರಿ ದಾಖಲೆಯು ಮೂರನೆಯವರ ವ್ಯಾಪಾರ ರಹಸ್ಯಕ್ಕೆ ಸಂಬಂಧಿಸಿದ್ದಾದ್ದರಿಂದ ಒದಗಿಸಲು ಅವಕಾಶವಿರುವುದಿಲ್ಲ.”

ಮೂರನೆಯವರು ಯಾರು? ಬರೆದವಳು ನಾನು, ಒಬ್ಬಳು. ಹೇಳಿ ಬರೆಸಿದವಳು ನಿಂಬರ್ಗಾದ ಶರಣಮ್ಮ, ಇಬ್ಬರಾಯಿತು. ಆವತ್ತು ಅಲ್ಲಿ ಮೂರನೆಯದಾಗಿ ಇದ್ದದ್ದು ಜೋಳದ ರೊಟ್ಟಿ.

ನಮ್ಮ ಮನೆಯವರು ಪತ್ರವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಅವರು ಜೇವರ್ಗಿ ಕಡೆಯವರು, ಮಾತಿಗೆ ಅವಸರ ಮಾಡುವವರಲ್ಲ. “ಇಷ್ಟ ವರ್ಷದಾಗ ನಿನ್ನ ಹೊಟ್ಟ್ಯಾಗ ಒಂದ್ ಮಾತೂ ನಿಂತದ್ದ ನಾ ನೋಡಿಲ್ಲ,” ಎಂದರು. “ನಿನ್ನ ಹಂತೇಕನೂ ಒಂದ್ ಗುಟ್ಟ ಅದ ಅಂತ ಸರ್ಕಾರನೇ ಹೇಳಾಕತ್ತದ. ಖುಷಿ ಪಡು.”

ಖುಷಿ ಪಡಲು ನೋಡಿದೆ. ಆಗಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಎಳ್ಳಮಾವಾಸ್ಯೆಯಿಂದ ಶುರು ಮಾಡಬೇಕು.

ಎಳ್ಳಮಾವಾಸ್ಯೆಗೆ ನಾನು ತವರೂರು ನಿಂಬರ್ಗಾಕ್ಕೆ ಹೋಗುವುದು ನಿಮಗೆ ಗೊತ್ತೇ ಇದೆ. (ಪ್ರತಿ ವರ್ಷ ಈ ಅಂಕಣದಲ್ಲಿ ಆ ಭಜ್ಜಿ ಪಲ್ಯದ ವರ್ಣನೆ ಓದಿ ಓದಿ ನೀವು ಬೇಸತ್ತಿದ್ದೀರಿ, ಅದೂ ಗೊತ್ತು.) ಈ ಸಲ ಹಬ್ಬದ ಮರುದಿನ ಶರಣಮ್ಮನ ಶೆಡ್ಡಿಗೆ ಹೋಗಿ ಕೂತಿದ್ದೆ. ಶರಣಮ್ಮ ನಮ್ಮ ತವರಿನ ಓಣಿಯವಳು. ನನಗಿಂತ ಚಿಕ್ಕವಳು, ಅಕ್ಕಾ ಎನ್ನುತ್ತಾಳೆ. ಅವಳೂ ಇನ್ನೂ ಹತ್ತು ಹೆಂಗಸರೂ ಸೇರಿ ಒಂದು ಸಂಘ ಮಾಡಿಕೊಂಡು ಖಡಕ್ ರೊಟ್ಟಿ ಮಾಡುತ್ತಾರೆ. ಆಳಂದದ ಎರಡು ಹಾಸ್ಟೆಲ್‌ಗಳ ಮಕ್ಕಳು ಅದನ್ನೇ ತಿನ್ನುತ್ತಾರೆ.

ಈ ಸಂಘಕ್ಕೆ ಮುಂಚೆ ಶರಣಮ್ಮನ ವರ್ಷ ಹೇಗಿತ್ತು? ತೊಗರಿ ರಾಶಿ ಮುಗಿಯುವವರೆಗೆ ಊರಲ್ಲಿ ಕೂಲಿ. ಆಮೇಲೆ ಗಂಟು ಕಟ್ಟಿಕೊಂಡು ಪುಣೆಗೆ, ಕಟ್ಟಡದ ಕೆಲಸಕ್ಕೆ. ಮಗಳು ಭಾಗ್ಯಶ್ರೀ ಪ್ರತಿ ವರ್ಷ ಅರ್ಧ ಶಾಲೆಯನ್ನು ನಿಂಬರ್ಗಾದಲ್ಲಿ ಓದುತ್ತಿದ್ದಳು, ಉಳಿದರ್ಧ ಎಲ್ಲಿಯೂ ಓದುತ್ತಿರಲಿಲ್ಲ. ರೊಟ್ಟಿಯ ಕೆಲಸ ಹತ್ತಿದ ಮೇಲೆ ಎರಡು ವರ್ಷದಿಂದ ಶರಣಮ್ಮ ಗುಳೆ ಹೋಗಿಲ್ಲ. ಮಗಳು ಈಗ ಹತ್ತನೆಯ ತರಗತಿ. ಒಂದು ದಿನ ತಪ್ಪಿಸದೆ ಹೋಗುತ್ತಾಳೆ. ಇಷ್ಟು ನೆನಪಿಟ್ಟುಕೊಳ್ಳಿ.

ಆ ದಿನ ಶೆಡ್ಡಿಗೆ ಒಬ್ಬ ತರುಣ ಬಂದ. ಒಳ್ಳೆಯ ಹುಡುಗ ಎಂದೇ ಅನ್ನಿಸಿತು. ಯಾರೂ ಹೇಳುವ ಮುಂಚೆಯೇ ಬೂಟು ಬಾಗಿಲಲ್ಲಿ ಬಿಟ್ಟ. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಕಾರ್ಡು. ಬೆಂಗಳೂರಿನ ಕನ್ನಡ. “ಇಲಾಖೆ ಪರವಾಗಿ ಅಧ್ಯಯನಕ್ಕೆ ಬಂದಿದ್ದೀನಿ ಮೇಡಂ, ರೊಟ್ಟಿ ಬಗ್ಗೆ,” ಎಂದ. ಕಾರ್ಡಿನ ಮೇಲೆ ಇಲಾಖೆಯ ಹೆಸರು ಸಣ್ಣದಾಗಿಯೂ, ಒಂದು ಕಂಪನಿಯ ಹೆಸರು ದೊಡ್ಡದಾಗಿಯೂ ಇತ್ತು. ಇದೇನು ಎಂದರೆ, “ಅವರು ನಾಲೆಡ್ಜ್ ಪಾರ್ಟ್‌ನರ್ ಮೇಡಂ,” ಎಂದ.

ಜ್ಞಾನದ ಪಾಲುದಾರರು! ಎಷ್ಟು ಚಂದದ ಮಾತು. ಹೊಲಕ್ಕೆ ಪಾಲುದಾರರನ್ನು ಕಂಡಿದ್ದೇವೆ, ಬಾವಿಗೆ ಕಂಡಿದ್ದೇವೆ. ಜ್ಞಾನಕ್ಕೂ ಪಾಲು ಹಾಕಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಜ್ಞಾನ ಶರಣಮ್ಮನದು, ಪಾಲು ಅವರದು ಎಂಬುದು ಆಮೇಲೆ ತಿಳಿಯಿತು.

ಬಂದವನನ್ನು ಹಾಗೇ ಕಳಿಸುತ್ತಾರೆಯೇ? ಕೂಡಿಸಿದರು. ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿ, ಮೊಸರು, ಹಿಂದಿನ ದಿನದ ಭಜ್ಜಿ ಪಲ್ಯ. ಅವನು ಖಡಕ್ ರೊಟ್ಟಿ ಮುರಿದು ತಿಂದ. ಇನ್ನೊಂದು ಮುರಿದ. “ತುಂಬಾ ಚೆನ್ನಾಗಿದೆ ಅಮ್ಮಾ,” ಎಂದ.

ಇಲ್ಲಿಯೇ ನಮ್ಮ ಮಂದಿ ಎಡವಿದ್ದು.

ನಮ್ಮ ಕಡೆ ಉಣಬಡಿಸಿದ ಹೆಂಗಸು ತನ್ನ ಅಡುಗೆಯನ್ನು ತಾನು ಹೊಗಳಿಕೊಳ್ಳುವುದಿಲ್ಲ. ಬೇರೆಯವರು ಹೊಗಳಿದರೂ ಒಪ್ಪಿಕೊಳ್ಳುವುದಿಲ್ಲ. ಹೌದು ಚೆನ್ನಾಗಿದೆ ಎಂದರೆ ಸೊಕ್ಕಿನವಳು ಎನ್ನುತ್ತಾರೆ. ಆದ್ದರಿಂದ ಹೋಳಿಗೆ ಎಷ್ಟೇ ಮೆತ್ತಗಿದ್ದರೂ ಹೂರಣ ಕೆಟ್ಟಿದೆ ಎನ್ನಬೇಕು. ಪುಂಡಿ ಪಲ್ಯ ಬಾಯಲ್ಲಿ ನೀರು ತರಿಸುತ್ತಿದ್ದರೂ ಹುಳಿ ಕಮ್ಮಿಯಾಗಿದೆ ಎನ್ನಬೇಕು. ಆಗ ಅತಿಥಿ ಇಲ್ಲ ಇಲ್ಲ ಎಂದು ಇನ್ನೆರಡು ತಿನ್ನಬೇಕು. ಇದು ಇಬ್ಬರೂ ಸೇರಿ ಆಡುವ ಆಟ. ನನ್ನನ್ನು ನೋಡಲು ಜೇವರ್ಗಿಯಿಂದ ಬೀಗರು ಬಂದಾಗ ನಮ್ಮವ್ವ “ನಮ್ಮ ಹುಡುಗಿಗಿ ಏನೂ ಬರಂಗಿಲ್ರಿ” ಎಂದಳು. ಅತ್ತೆ “ನಮ್ಮ ಹುಡುಗನ ಬುದ್ಧೀನೂ ಅಷ್ಟಕ್ಕಷ್ಟೇ ಅದ್ರಿ” ಎಂದರು. ಇಬ್ಬರೂ ರೂಢಿಗೆ ಹೇಳಿದರು ಎಂದುಕೊಂಡಿದ್ದೆ. (ಒಬ್ಬರು ಖರೆ ಹೇಳಿದ್ದರು. ಯಾರು ಎಂದು ಕೇಳಬೇಡಿ, ಅವರೂ ಈ ಅಂಕಣ ಓದುತ್ತಾರೆ.)

ಶರಣಮ್ಮ ಆ ರೂಢಿಯಂತೆಯೇ ಸೆರಗು ಸರಿಮಾಡಿಕೊಂಡು ಹೇಳಿದಳು: “ಎಲ್ಲಿ ಚೊಲೋ ಅದಾವ್ರಿ ಸರ. ಇವತ್ತ ಹಿಟ್ಟ ಸರಿ ಬರಲಿಲ್ಲ. ಒಂದ್ ದಪ್ಪ ಆಗ್ಯಾದ, ಒಂದ್ ತೆಳ್ಳಗಾಗ್ಯಾದ. ಹಸ್ದ ಹೊಟ್ಟಿಗಿ ಎಲ್ಲಾ ರುಚಿ ಹತ್ತತದ.”

ಒಲೆಯ ಮುಂದೆ ಕೂತಿದ್ದ ಗೌರಕ್ಕ ಸಂಘದಲ್ಲೇ ಹಿರಿಯಳು. ಆಕೆಯ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ, ಅಷ್ಟು ತೆಳು. ಆಕೆ ದನಿಗೂಡಿಸಿದಳು. “ನಮ್ಮದೇನ್ ಕೈಗುಣ ಅದ್ರಿ ಸರ. ಒಲಿ ಮುಂದ ಬೆವರ ಸುರಿಸ್ಕೋತ ಹೆಂಗೋ ಬಡದು ಒಗಿತೀವಿ.”

ತರುಣ ಚೀಲದಿಂದ ಒಂದು ಫಾರ್ಮು ತೆಗೆದ. ಅದರಲ್ಲಿ ‘ಉತ್ಪಾದಕರ ಹೇಳಿಕೆ’ ಎಂದು ಒಂದು ಪುಟ ಪೂರ್ತಿ ಖಾಲಿ ಇತ್ತು. ತನ್ನ ಕನ್ನಡದ ಅಕ್ಷರ ಚೆನ್ನಾಗಿಲ್ಲ ಎಂದ. ಪೆನ್ನೂ ಇರಲಿಲ್ಲ.

ಖಾಲಿ ಫಾರ್ಮು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷದ ಚಟ. ಎಷ್ಟು ಮಂದಿಯ ಮನಿಯಾರ್ಡರು, ಎಷ್ಟು ಮಂದಿಯ ಪಾಸ್‌ಬುಕ್ಕು, ಎಷ್ಟು ಸೊಸೆಯಂದಿರ ತವರಿಗೆ ಹೋಗುವ ಪತ್ರ. “ತರ್ರಿ ಇಲ್ಲಿ,” ಎಂದೆ. “ಅವರು ಹೇಳಿದ್ದನ್ನ ಹಾಗೇ ಬರೀರಿ ಮೇಡಂ, ಸ್ವಲ್ಪ ಆಫೀಶಿಯಲ್ ಆಗಿ,” ಎಂದ. ಬರೆಸುವವರು ಹೇಳಿದ್ದಕ್ಕೆ ನಮ್ಮದೊಂದು ಮಾತು ಸೇರಿಸಬಾರದು ಎಂಬುದು ಕೌಂಟರಿನ ಧರ್ಮ. ನಾನು ಸೇರಿಸಲಿಲ್ಲ. ಆಫೀಶಿಯಲ್ ಮಾಡಿದೆ, ಅಷ್ಟೇ.

ಬರೆದದ್ದು ಇದು: “ಉತ್ಪನ್ನದ ದಪ್ಪದಲ್ಲಿ ಏಕರೂಪತೆ ಇರುವುದಿಲ್ಲವೆಂದೂ, ತಯಾರಿಕೆಯ ವೇಳೆ ಬೆವರು ಸುರಿಯುವುದೆಂದೂ, ಸೇವಿಸುವವರು ಹಸಿವಿನ ಕಾರಣದಿಂದ ಸೇವಿಸುತ್ತಿರುವರೆಂದೂ ಉತ್ಪಾದಕರು ಸ್ವತಃ ತಿಳಿಸಿರುತ್ತಾರೆ.”

ಬರೆದು ಒಮ್ಮೆ ಓದಿ ಹೇಳಿದೆ. ‘ಏಕರೂಪತೆ’ ಎಂಬ ಶಬ್ದ ಹೊಳೆದದ್ದಕ್ಕೆ ಒಳಗೊಳಗೇ ಖುಷಿ ಬೇರೆ. ಹೆಂಗಸರು ನಕ್ಕರು. “ಅಕ್ಕ ಬರದ್ರ ನಮ್ಮ ಮಾತೂ ಪೇಪರ್‌ನಾಗ ಬಂದಂಗ ಆಗತಾವ,” ಎಂದಳು ಶರಣಮ್ಮ. ತರುಣ ಗೌರಕ್ಕನ ಕೈಯ ಫೋಟೊ ತೆಗೆದುಕೊಂಡ, ರೊಟ್ಟಿ ಬಡಿಯುವುದರ ವಿಡಿಯೊ ತೆಗೆದುಕೊಂಡ. ಹೋಗುವಾಗ ಹತ್ತು ರೊಟ್ಟಿ ಕಟ್ಟಿಕೊಟ್ಟರು. ರೊಟ್ಟಿಯ ಜೊತೆ ನನ್ನ ಪೆನ್ನೂ ಹೋಯಿತು.

ಇದನ್ನು ನಾನು ಮರೆತೇಬಿಟ್ಟಿದ್ದೆ.

ಎರಡು ತಿಂಗಳ ಮೇಲೆ ಶರಣಮ್ಮ ನಿಂಬರ್ಗಾದ ಬಸ್ಸು ಹತ್ತಿ ಆಳಂದಕ್ಕೆ, ನಮ್ಮ ಮನೆಗೆ ಬಂದಳು. ರೊಟ್ಟಿಯ ಡಬ್ಬಿಯೊಳಗೆ ಮಡಚಿಟ್ಟ ಕಾಗದ ತೆಗೆದಳು. ಹಾಸ್ಟೆಲಿನ ವಾರ್ಡನ್ ಕೊಟ್ಟದ್ದಂತೆ. “ಅಕ್ಕಾ, ಇದ್ರಾಗ ನಮ್ಮ ಊರ ಹೆಸರ ಅದ. ಭಾಗ್ಯಾ ಓದಿ ಹೇಳಿದ್ಲು, ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ನೀ ಒಂದ್ಸಲ ನೋಡು.”

ಹಾಸ್ಟೆಲುಗಳಿಗೆ ರೊಟ್ಟಿ ಪೂರೈಸುವವರ ಗುಣಮಟ್ಟದ ಮಾರ್ಗಸೂಚಿ. ಕರಡು. (ಇಲಾಖೆಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅದು ನಮ್ಮದಲ್ಲ ಎಂದು ಇಲಾಖೆಗಳೆಲ್ಲ ಜಗಳಕ್ಕೆ ನಿಲ್ಲುತ್ತವೆ.) ಮುಂದಿನ ಶಾಲಾ ವರ್ಷದಿಂದ ಜಾರಿ. ಓದುತ್ತಾ ಹೋದೆ. ರೊಟ್ಟಿಗಳೆಲ್ಲ ಒಂದೇ ಅಳತೆ, ಒಂದೇ ದಪ್ಪ ಇರತಕ್ಕದ್ದು. ಪಾರದರ್ಶಕ ಪ್ಯಾಕೆಟ್ಟಿನಲ್ಲಿ ಬರತಕ್ಕದ್ದು. ಪ್ಯಾಕೆಟ್ಟು ಇಂತಿಂಥ ಯಂತ್ರದಲ್ಲೇ ಮುಚ್ಚಿರತಕ್ಕದ್ದು. ಯಂತ್ರದ ವರ್ಣನೆ ಎಷ್ಟು ನಿಖರವಾಗಿತ್ತೆಂದರೆ, ಅದರ ಬಣ್ಣ ಒಂದನ್ನು ಬಿಟ್ಟು ಎಲ್ಲವೂ ಇತ್ತು. ಆಮೇಲೆ ಈ ಸಾಲು: “ತಯಾರಿಕೆಯ ಯಾವುದೇ ಹಂತದಲ್ಲಿ ಮಾನವ ಹಸ್ತಸ್ಪರ್ಶ ಇರತಕ್ಕದ್ದಲ್ಲ.”

ಜೋಳದ ರೊಟ್ಟಿಗೆ! ಗೋಧಿಯ ಹಾಗೆ ಎಳೆದರೆ ಬರುವ ಜಿಗುಟು ಜೋಳಕ್ಕಿಲ್ಲ. ಕುದಿನೀರು ಹಾಕಿ ನಾದಿ, ಅಂಗೈಯಿಂದ ಬಡಿಬಡಿದು, ಬೆರಳಿಂದ ತಿರುಗಿಸಿ ತಿರುಗಿಸಿ ಅದನ್ನು ಒಪ್ಪಿಸಬೇಕು. ನಾವು ರೊಟ್ಟಿ ‘ಮಾಡುತ್ತೇವೆ’ ಎನ್ನುವುದೂ ಕಮ್ಮಿ, ‘ಬಡಿಯುತ್ತೇವೆ’ ಎನ್ನುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಈ ಕರಡಿನ ಪ್ರಕಾರ ಕೈ ಕೆಸರಾದರೆ ಟೆಂಡರು ರದ್ದು.

ಇಂಥ ನಿಯಮಕ್ಕೆ ಆಧಾರವೇನು ಎಂದು ಕೊನೆಯ ಪುಟಕ್ಕೆ ಹೋದೆ. ಅಲ್ಲಿ ಅನುಬಂಧದಲ್ಲಿ ನಿಂಬರ್ಗಾದ ಹೆಸರಿತ್ತು. ಅದರ ಕೆಳಗೆ: “ದಪ್ಪದಲ್ಲಿ ಏಕರೂಪತೆ ಇರುವುದಿಲ್ಲವೆಂದೂ, ತಯಾರಿಕೆಯ ವೇಳೆ ಬೆವರು ಸುರಿಯುವುದೆಂದೂ…”

ಇಷ್ಟು ವರ್ಷ ಬರೆಯುತ್ತಿದ್ದೇನೆ, ನನ್ನ ಒಂದು ವಾಕ್ಯವೂ ಸರ್ಕಾರದ ಕಿವಿಗೆ ಬಿದ್ದದ್ದಿಲ್ಲ. ನಮ್ಮ ಓಣಿಯ ಗಟಾರದ ಬಗ್ಗೆ ಎಷ್ಟು ಸಲ ಬರೆದಿದ್ದೇನೆ ಎಂಬುದಕ್ಕೆ ನೀವೇ ಸಾಕ್ಷಿ. ಕಡೆಗೂ ಒಂದು ವಾಕ್ಯ ನೀತಿಯಾಗುವ ಮಟ್ಟಕ್ಕೆ ಹೋಯಿತು. ಅಲ್ಪವಿರಾಮ ಸಮೇತ ಹೋಯಿತು. ಯಾರ ಕೊರಳಿಗೆ ಬಿತ್ತು ನೋಡಿ.

“ಇದು ನಾನೇ ಬರೆದದ್ದು ಶರಣಮ್ಮಾ,” ಎಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಾಗಿತ್ತು.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ನಾವು ಹೇಳಿದ್ದ ನೀ ಬರದಿ ಅಕ್ಕಾ. ನೀ ಏನ್ ಮಾಡ್ತಿ,” ಎಂದಳು. ಆಮೇಲೆ ಕೇಳಿದಳು: “ಊಟಕ್ಕ ಬಂದ ಮಂದಿ ಚೊಲೋ ಅದ ಅಂದ್ರ ಏನ್ ಅನಬೇಕಿತ್ತು ನಾವು?”

ಅವಳೇ ಮುಂದುವರಿಸಿದಳು. “ಈ ವರ್ಷ ಭಾಗ್ಯಾಂದು ಹತ್ತನೇದ ಮುಗೀತದ. ಮುಂದ ಕಾಲೇಜಿಗಿ ಹಚ್ಚಬೇಕಂತ ಇದ್ದೆ. ಇದ ಜಾರಿ ಆದ್ರ ನಾ ಮತ್ತ ಪುಣೆ ಗಾಡಿ ಹತ್ತಬೇಕ. ಆಕೀನ್ನ ಬಿಟ್ಟ ಹೋಗ್ಲಿಕ್ಕೂ ಬರಲ್ಲ, ಕರಕೊಂಡ ಹೋಗ್ಲಿಕ್ಕೂ ಬರಲ್ಲ.”

ಕರಡಿನ ಮೊದಲ ಪುಟದಲ್ಲೇ ಆಕ್ಷೇಪಣೆಗೆ ಅವಕಾಶ ಎಂದಿತ್ತು. ಏಳು ದಿನದೊಳಗೆ, ವೆಬ್‌ಸೈಟಿನಲ್ಲಿ. ಕಾಗದ ಶರಣಮ್ಮನ ಕೈ ಸೇರಿದ್ದು ಒಂಬತ್ತನೆಯ ದಿನ. ಆದರೂ ಇರಲಿ ಎಂದು ವೆಬ್‌ಸೈಟ್ ತೆರೆದೆ. ಕರಡು ಅಲ್ಲಿತ್ತು. ಇಂಗ್ಲಿಷಿನಲ್ಲಿತ್ತು. ಸ್ಕ್ಯಾನ್ ಮಾಡಿದವರು ಮಧ್ಯದ ಎರಡು ಪುಟವನ್ನು ಅಡ್ಡಡ್ಡವಾಗಿ ಇಟ್ಟಿದ್ದರು. ಓದಬೇಕಾದರೆ ಫೋನನ್ನು ತಿರುಗಿಸಬೇಕು, ತಿರುಗಿಸಿದರೆ ಫೋನು ಪುಟವನ್ನೂ ತಿರುಗಿಸುತ್ತದೆ. ನಮ್ಮ ಮನೆಯವರು ಕೊನೆಗೆ ಮಂಚದ ಮೇಲೆ ಅಡ್ಡ ಮಲಗಿ ಓದಿ ಹೇಳಿದರು, ನಾನು ಆಕ್ಷೇಪಣೆ ಬರೆದು ಕಳಿಸಿದೆ.

ಮರುದಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. “ಅದು ನಮ್ಮ ಕೈಯಾಗಿಲ್ರಿ ಬಾಯಾರ, ಬೆಂಗಳೂರಾಗ ಆಗ್ಯಾದ,” ಎಂದರು.

“ಯಾರು ಬರೆದರು?”

“ಸಮಿತಿ ಅದ್ರಿ.”

“ಸಮಿತಿಯಲ್ಲಿ ಯಾರಿದ್ದಾರೆ?”

“ತಜ್ಞರ ಅದಾರ್ರಿ.”

“ತಜ್ಞರು ಅಂದರೆ ಯಾರು?”

ಗುಮಾಸ್ತರು ನನ್ನನ್ನು ಕನಿಕರದಿಂದ ನೋಡಿದರು. “ಸಮಿತ್ಯಾಗ ಇದ್ದವರೇ ಅಲ್ರೀ ತಜ್ಞರಂದ್ರ.”

ನಮ್ಮ ಕಡೆ ‘ವಶೀಲಿ’ ಎಂಬ ಮಾತಿದೆ. ರೇಷನ್ ಕಾರ್ಡಿಗೆ ವಶೀಲಿ, ಆಸ್ಪತ್ರೆಯ ಮಂಚಕ್ಕೆ ವಶೀಲಿ, ಅಫಜಲಪುರದಿಂದ ಆಳಂದಕ್ಕೆ ವರ್ಗ ಮಾಡಿಸಿಕೊಳ್ಳಲು ವಶೀಲಿ. ಅದನ್ನು ಮಾಡುವವನು ತಲೆ ತಗ್ಗಿಸಿಕೊಂಡು, ಹಿಂದಿನ ಬಾಗಿಲಿಂದ ಹೋಗುತ್ತಾನೆ. ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರುತ್ತದೆ. ಕಂಪನಿಯವರು ಮುಂಬಾಗಿಲಿಂದ ಬರುತ್ತಾರೆ, ಅವರಿಗೆ ಚಹಾ ಬರುತ್ತದೆ, ಅದಕ್ಕೆ ಕನ್ಸಲ್ಟೇಶನ್ ಎಂಬ ಹೆಸರಿರುತ್ತದೆ. ನೀರಿನ ಪೈಪಿನ ಅಳತೆಯಿಂದ ಹಿಡಿದು ಶಾಲೆಯ ಬೆಂಚಿನ ಎತ್ತರದವರೆಗೆ ನಮಗೆ ಬರುವ ನಿಯಮಗಳಲ್ಲಿ ಎಷ್ಟನ್ನು ಯಾರು ಬರೆದರು? ನಿಮಗೆ ಗೊತ್ತೇ? ನನಗೂ ಗೊತ್ತಿಲ್ಲ. ಈ ಒಂದರಲ್ಲಿ ಮಾತ್ರ ಒಂದು ವಾಕ್ಯ ಯಾರದೆಂದು ಗೊತ್ತು. ಅದು ನನ್ನದಾಗಿರುವುದರಿಂದ.

ಅದಕ್ಕೇ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೂರೇ ಪ್ರಶ್ನೆ. ಸಮಿತಿಯಲ್ಲಿ ಯಾರಿದ್ದರು? ಯಂತ್ರದ ವಿವರ ಎಲ್ಲಿಂದ ಬಂತು? ನಿಂಬರ್ಗಾದಲ್ಲಿ ತುಂಬಿದ ಫಾರ್ಮಿನ ನಕಲು ಕೊಡುತ್ತೀರಾ? ಮೂರಕ್ಕೂ ಸೇರಿ ಬಂದ ಒಂದೇ ಉತ್ತರವನ್ನು ನೀವು ಮೇಲೆ ಓದಿದ್ದೀರಿ. ಪ್ಯಾಕೆಟ್ಟು ಪಾರದರ್ಶಕವಾಗಿರಬೇಕು ಎಂದು ಕರಡು ಹೇಳುತ್ತದೆ. ಕರಡು ಪಾರದರ್ಶಕವಾಗಿರಬೇಕು ಎಂದು ಪ್ಯಾಕೆಟ್ಟು ಎಲ್ಲಿಯೂ ಹೇಳುವುದಿಲ್ಲವಲ್ಲ.

ಅದೇ ಲಕೋಟೆಯಲ್ಲಿ ಇನ್ನೊಂದು ಕಾಗದವೂ ಇತ್ತು. ‘ಭಾಗೀದಾರರ ಸಭೆ’. ನನ್ನ ಆಕ್ಷೇಪಣೆ ಕಾಲಮಿತಿ ಮೀರಿದ್ದರೂ ಸೌಜನ್ಯಕ್ಕಾಗಿ ನನ್ನನ್ನು ಕರೆಯಲಾಗಿದೆ ಎಂದಿತ್ತು. ಶರಣಮ್ಮನಿಗೆ ಹೇಳೋಣ ಎಂದು ಫೋನು ಮಾಡಿದರೆ ಅವಳೇ ಮೊದಲು ಹೇಳಿದಳು. “ಅಕ್ಕಾ, ನಮಗೂ ಆ ಮೀಟಿಂಗಿಗಿ ಕರದಾರ.”

ನನಗೆ ಖುಷಿಯಾಯಿತು. ಪರವಾಗಿಲ್ಲ, ಕೇಳುವ ಮನಸ್ಸಾದರೂ ಇದೆ ಎಂದುಕೊಂಡೆ. “ಏನಂತ ಕರೆದಾರ?” ಎಂದೆ.

“ಮಧ್ಯಾಹ್ನದ ಊಟಕ್ಕ ರೊಟ್ಟಿ ತರ್ರಿ ಅಂದಾರ. ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎರಡೂ. ಸಾಹೇಬ್ರಿಗಿ ಕೈಯಿಲೆ ಬಡದದ್ದೇ ಬೇಕಂತ.”

ಮೊನ್ನೆ ಬುಧವಾರ ಸಭೆ ನಡೆಯಿತು. ಆಳಂದದಲ್ಲೇ, ಒಂದು ಬಾಡಿಗೆ ಹಾಲ್‌ನಲ್ಲಿ. ಮುಂದಿನ ಸಾಲಿನಲ್ಲಿ ಇಲಾಖೆಯ ಅಧಿಕಾರಿಗಳು, ಅವರ ಪಕ್ಕದಲ್ಲಿ ಕಂಪನಿಯ ಹಿರಿಯರು, ಅವರ ಪಕ್ಕದಲ್ಲಿ ಯಂತ್ರ ಮಾರುವವರು, ಅವರ ಪಕ್ಕದಲ್ಲಿ ಪ್ಯಾಕೆಟ್ಟು ಮಾರುವವರು. ಭಾಗೀದಾರರು ಎಂದರೆ ಇವರು. ನನ್ನದು ಕೊನೆಯ ಸಾಲು. ಅದರ ಹಿಂದೆ ಬಾಗಿಲು, ಬಾಗಿಲ ಆಚೆ ವರಾಂಡ, ವರಾಂಡದಲ್ಲಿ ಒಲೆ ಹೂಡಿಕೊಂಡು ಶರಣಮ್ಮ, ಗೌರಕ್ಕ. ಒಳಗೆ ಮಾತಿನ ಸಂದಿಯಲ್ಲೆಲ್ಲ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಬ್ಬರು ಎದ್ದು ಹೋಗಿ ಬಾಗಿಲು ಮೆಲ್ಲಗೆ ಎಳೆದು ಬಂದರು.

ನಿಂಬರ್ಗಾಕ್ಕೆ ಬಂದಿದ್ದ ಅದೇ ತರುಣ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿದ. ಯಂತ್ರ, ಹೊಳೆಯುವ ಪಟ್ಟಿಯ ಮೇಲೆ ಸಾಲಾಗಿ ಹೋಗುವ ರೊಟ್ಟಿ, ಕೈಗವಸು. ಆಮೇಲೆ ಒಂದು ಕೈ. ಸುಕ್ಕುಗಟ್ಟಿದ, ಹಿಟ್ಟು ಹತ್ತಿದ ಕೈ, ಮಣಿಕಟ್ಟಿನಲ್ಲಿ ಹಸಿರು ಬಳೆ. ಅದರ ಸುತ್ತ ಕೆಂಪು ಬಣ್ಣದ ವೃತ್ತ. ಕೆಳಗೆ ‘ಅಪಾಯದ ಮೂಲ’ ಎಂದು ಬರೆದಿತ್ತು.

ನೀರಿನ ಗ್ಲಾಸುಗಳ ಟ್ರೇ ಹಿಡಿದು ಒಳಗೆ ಬಂದಿದ್ದ ಶರಣಮ್ಮ ಅದನ್ನು ನೋಡಿದಳು. ಆ ಬಳೆ ಗೌರಕ್ಕನದು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ. ಉಣಿಸಿದ ಕೈಯನ್ನೇ ಎಣಿಸಿದವರನ್ನು ಅಂದೇ ಕಂಡದ್ದು. ಮೈ ಉರಿಯಿತು. ಎದ್ದು ನಿಂತು, ಆ ಹೇಳಿಕೆ ಬರೆದವಳು ನಾನು, ಅದು ಹೇಳಿಕೆಯಲ್ಲ, ಮರ್ಯಾದೆಯ ಮಾತು ಎಂದೆ. ನಮ್ಮ ಕಡೆಯ ರೂಢಿ ವಿವರಿಸಿದೆ. ಕಂಪನಿಯ ಹಿರಿಯರು ಪೂರ್ತಿ ಕೇಳಿಸಿಕೊಂಡರು. “ತುಂಬಾ ಇಂಟರೆಸ್ಟಿಂಗ್ ಮೇಡಂ, ಬಹಳ ಒಳ್ಳೆ ಸಂಸ್ಕೃತಿ,” ಎಂದರು. ಅಧಿಕಾರಿಗಳು ಗಡಿಯಾರ ನೋಡಿ, ಊಟದ ನಂತರ ಚರ್ಚಿಸೋಣ ಎಂದರು.

ಊಟಕ್ಕೆ ಎದ್ದರು. ಟೇಬಲ್ಲಿನ ಒಂದು ತುದಿಯಲ್ಲಿ ಕಂಪನಿಯ ರೊಟ್ಟಿಯ ಪ್ಯಾಕೆಟ್ಟುಗಳನ್ನು ಸ್ಯಾಂಪಲ್ ಎಂದು ಜೋಡಿಸಿಟ್ಟಿದ್ದರು. ಕೈ ತಾಗದ ರೊಟ್ಟಿ. ಪ್ಯಾಕೆಟ್ಟಿನ ಮೇಲೆ ರೊಟ್ಟಿ ಬಡಿಯುತ್ತಿರುವ ಅಜ್ಜಿಯ ಚಿತ್ರ, ಅದರ ಕೆಳಗೆ ‘ಅಪ್ಪಟ ಕೈರುಚಿ’ ಎಂಬ ಮಾತು. (ನಾನು ಇದನ್ನು ಕಟ್ಟಿ ಹೇಳುತ್ತಿಲ್ಲ. ಒಂದು ಪ್ಯಾಕೆಟ್ಟು ಮನೆಗೆ ತಂದಿದ್ದೇನೆ.) ಒಬ್ಬರೂ ಅದನ್ನು ಒಡೆಯಲಿಲ್ಲ. ಎಲ್ಲರೂ ಇನ್ನೊಂದು ತುದಿಗೆ, ಹಬೆಯಾಡುವ ಬುಟ್ಟಿಯ ಕಡೆಗೆ ಹೋದರು. ಎಣ್ಣೆಗಾಯಿ ಬದನೆಕಾಯಿ, ಜುಣಕ, ಹಿಂಡಿ, ಮೊಸರು. ಅಧಿಕಾರಿಗಳು ಎರಡು ಸಲ ಬಡಿಸಿಕೊಂಡರು. ಯಂತ್ರ ಮಾರುವವರು ಖಡಕ್ ರೊಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು, ದಾರಿಯಲ್ಲಿ ತಿನ್ನಲು.

ತರುಣ ತಟ್ಟೆ ಹಿಡಿದುಕೊಂಡು ಬಂದ. ಅವನಿಗೂ ಮುಜುಗರವಾಗಿತ್ತು ಎಂದು ಕಾಣುತ್ತದೆ. ಬಡಿಸುತ್ತಿದ್ದ ಶರಣಮ್ಮನಿಗೆ, “ತುಂಬಾ ಚೆನ್ನಾಗಿದೆ ಅಮ್ಮಾ ರೊಟ್ಟಿ,” ಎಂದ. ಆವತ್ತು ಹೇಳಿದ್ದೇ ಮಾತು.

“ಹೌದು ಹೌದು, ಫಸ್ಟ್ ಕ್ಲಾಸ್,” ಎಂದರು ಕಂಪನಿಯ ಹಿರಿಯರು, ಬಾಯಿ ತುಂಬ ತುತ್ತಿಟ್ಟುಕೊಂಡು. ಅಧಿಕಾರಿಗಳೂ ತಲೆಯಾಡಿಸಿದರು.

ಶರಣಮ್ಮ ಸೆರಗು ಸರಿಮಾಡಿಕೊಂಡಳು. ಬಾಯಿ ತೆರೆದಳು. ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಅವ್ವ ಹೇಳಿದ್ದು, ಅವಳ ಅತ್ತೆ ಹೇಳಿದ್ದು, ನಮ್ಮವ್ವ ಹೇಳಿದ್ದು. ಅವಳು ಒಂದು ಕ್ಷಣ ತಡೆದಳು. ವರಾಂಡದಲ್ಲಿ ಗೌರಕ್ಕ ಬಡಿಯುವುದನ್ನು ನಿಲ್ಲಿಸಿದ್ದಳು.

“ಹೌದ್ರಿ ಸರ,” ಎಂದಳು ಶರಣಮ್ಮ. “ಭಾಳ ಚೊಲೋ ಆಗ್ಯಾವ. ಒಂದೂ ದಪ್ಪ ಆಗಿಲ್ಲ. ಈಗ ಇದನ್ನ ಬರಕೊಳ್ರಿ.”

ಸೊಕ್ಕಿನವಳು ಎಂದು ಊರಲ್ಲಿ ಯಾರಾದರೂ ಅಂದುಕೊಳ್ಳಲಿ. ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲರೂ ತಟ್ಟೆ ನೋಡಿದರು. ಬರೆದುಕೊಳ್ಳಲು ಯಾರ ಕೈಯೂ ಖಾಲಿ ಇರಲಿಲ್ಲ, ಎಲ್ಲರ ಕೈಯೂ ರೊಟ್ಟಿಯಲ್ಲಿತ್ತು.

ನನ್ನ ಚಟ ನಿಮಗೆ ಗೊತ್ತಲ್ಲ. ಚೀಲದಿಂದ ಹಾಳೆ ತೆಗೆದೆ, ಬೇರೆ ಪೆನ್ನು ತೆಗೆದೆ, ನಿಂತಲ್ಲೇ ಬರೆದೆ. “ಕೈಯಿಂದ ಬಡಿದ ರೊಟ್ಟಿಯು ಅತ್ಯುತ್ತಮವಾಗಿದೆಯೆಂದು ಸಭೆಯ ಭಾಗೀದಾರರು ಎರಡೆರಡು ಸಲ ಬಡಿಸಿಕೊಂಡು ಸ್ವತಃ ತಿಳಿಸಿರುತ್ತಾರೆ.” ಒಬ್ಬೊಬ್ಬರ ಮುಂದೆಯೂ ಹಿಡಿದು ಸಹಿ ಕೇಳಿದೆ. ಆಫೀಶಿಯಲ್ ಆಗಿಯೇ ಕೇಳಿದೆ.

ಎಲ್ಲರೂ ಒಟ್ಟಿಗೆ ಕೈ ತೊಳೆದುಕೊಳ್ಳಲು ಹೋದರು.

ತರುಣ ಮಾತ್ರ ಹಿಂದೆ ಉಳಿದ. ಕೈ ಒರೆಸಿಕೊಂಡು ಜೇಬಿಗೆ ಕೈ ಹಾಕಿದ. ಸಹಿ ಹಾಕುತ್ತಾನೆ ಎಂದುಕೊಂಡೆ. “ಸಾರಿ ಮೇಡಂ, ಅವತ್ತು ಮರೆತು ತಗೊಂಡು ಹೋಗಿಬಿಟ್ಟಿದ್ದೆ,” ಎಂದು ನನ್ನ ಹಳೆಯ ಪೆನ್ನು ವಾಪಸ್ ಕೊಟ್ಟ. ಸಹಿ ಹಾಕಲಿಲ್ಲ.

ಊಟದ ನಂತರದ ಚರ್ಚೆ ಬೇಗ ಮುಗಿಯಿತು. ಅಧಿಕಾರಿಗಳಿಗೆ ಆಕಳಿಕೆ ಬರುತ್ತಿತ್ತು. (ಬಿಸಿ ರೊಟ್ಟಿಯ ಗುಣ.) ಸಮಿತಿ ಎಲ್ಲ ಅಭಿಪ್ರಾಯಗಳನ್ನೂ ಪರಿಶೀಲಿಸಿ ಅಂತಿಮ ಆದೇಶ ಹೊರಡಿಸುತ್ತದೆ ಎಂದರು. ಯಾವಾಗ ಎಂದರೆ, ವೆಬ್‌ಸೈಟ್ ನೋಡುತ್ತಿರಿ ಎಂದರು. ಸಂಘದ ರೊಟ್ಟಿ ಹಾಸ್ಟೆಲಿಗೆ ಹೋಗುವುದು ಬೇಸಿಗೆ ರಜೆ ಶುರುವಾಗುವವರೆಗೆ. ಆಮೇಲಿನದು ಶರಣಮ್ಮನಿಗೂ ಗೊತ್ತಿಲ್ಲ, ಭಾಗ್ಯಶ್ರೀಗೂ ಗೊತ್ತಿಲ್ಲ. ಸಹಿಯಿಲ್ಲದ ಆ ಹಾಳೆ ನಮ್ಮ ಮನೆಯಲ್ಲಿದೆ. ಬೇಕಾದವರು ಬಂದು ನೋಡಬಹುದು, ಅರ್ಜಿ ಹಾಕುವುದು ಬೇಡ.

ನಿಂಬರ್ಗಾದ ಬಸ್ಸಿಗೆ ಕಳಿಸಲು ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಗೌರಕ್ಕ ಖಾಲಿ ಬುಟ್ಟಿಯ ಮೇಲೆ ಕೂತು ತನ್ನ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಶರಣಮ್ಮ ಅದನ್ನು ನೋಡಿ ನನ್ನ ಕಡೆ ತಿರುಗಿದಳು.

“ಅಕ್ಕಾ, ರೊಟ್ಟಿ ಬಡದ ಕೈ ಯಾವದ ಅಂತ ಅಷ್ಟ ಮಂದಿ ಮುಂದ ಫೋಟೊ ಹಚ್ಚಿ ತೋರಿಸಿದ್ರು,” ಎಂದಳು. “ಆ ರೂಲ್ಸಿನ ಕಾಗದ ಬರದ ಕೈ ಯಾವದ ಅಂತ ಯಾವಾಗ ತೋರಸ್ತಾರ?”